45ನೇ ವಿಧಿಯ ಹತ್ತು ವರ್ಷದ ಗಡುವು ಏನಾಯಿತು?

ಸಂವಿಧಾನದ ನಾಲ್ಕನೇ ಭಾಗ, ಅಂದರೆ ರಾಜ್ಯನೀತಿ ನಿರ್ದೇಶಕ ತತ್ವಗಳು, ಸರ್ಕಾರ ಏನೇನು ಮಾಡಬೇಕೆಂದು ಉದ್ದಕ್ಕೂ ಹೇಳುತ್ತದೆ. ಯಾವಾಗ ಮಾಡಬೇಕೆಂದು ಮಾತ್ರ ಹೇಳುವುದಿಲ್ಲ. 1950ರಲ್ಲಿ ಇದಕ್ಕೊಂದು ಅಪವಾದವಿತ್ತು, 45ನೇ ವಿಧಿ: ಹದಿನಾಲ್ಕು ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಹತ್ತು ವರ್ಷದೊಳಗೆ ಸರ್ಕಾರ ಪ್ರಯತ್ನಿಸತಕ್ಕದ್ದು.

ಕರಡಿನಲ್ಲಿ ಇದೇ ವಿಧಿಯ ಮೊದಲ ಮಾತು ಬೇರೆಯಿತ್ತು. ಪ್ರತಿಯೊಬ್ಬ ನಾಗರಿಕನೂ ಉಚಿತ ಪ್ರಾಥಮಿಕ ಶಿಕ್ಷಣಕ್ಕೆ ಹಕ್ಕುಳ್ಳವನು ಎಂದೇ ಶುರುವಾಗುತ್ತಿತ್ತು. 1948ರ ನವೆಂಬರ್ 23ರಂದು ಸಂವಿಧಾನ ರಚನಾ ಸಭೆಯಲ್ಲಿ ಲಕ್ಷ್ಮೀಕಾಂತ ಮೈತ್ರ ಆ ಸಾಲನ್ನು ತೆಗೆಯಿರಿ ಎಂದರು. ಈ ಭಾಗದಲ್ಲಿ ಹಕ್ಕಿನ ಮಾತು ಹೊಂದುವುದಿಲ್ಲವೆಂಬುದು ಅವರ ವಾದ. ಅಂಬೇಡ್ಕರ್ ಒಪ್ಪಿದರು. ಆದರೆ ನಜೀರುದ್ದೀನ್ ಅಹ್ಮದ್ ಅವರು ಇದನ್ನು ಪ್ರಾಥಮಿಕ ಶಿಕ್ಷಣಕ್ಕಷ್ಟೇ ಸೀಮಿತಗೊಳಿಸೋಣ ಎಂದಾಗ ಅಂಬೇಡ್ಕರ್ ಜಗ್ಗಲಿಲ್ಲ. ಹದಿನಾಲ್ಕರೊಳಗಿನವರನ್ನು ದುಡಿಮೆಗೆ ಹಚ್ಚಬಾರದು ಎಂದು ಇನ್ನೊಂದು ವಿಧಿ ಹೇಳುತ್ತದೆ; ಹಾಗಿದ್ದರೆ ಆ ವಯಸ್ಸಿನವರೆಗೆ ಮಗು ಶಾಲೆಯಲ್ಲೇ ಇರಬೇಕಲ್ಲವೇ ಎಂದರು. ಹದಿನಾಲ್ಕು ಉಳಿದುಕೊಂಡಿತು, ಹಕ್ಕು ಹೋಯಿತು.

1960 ಬಂತು, ಹೋಯಿತು. ನಿರ್ದೇಶಕ ತತ್ವಗಳನ್ನು ನ್ಯಾಯಾಲಯ ಜಾರಿ ಮಾಡಿಸುವಂತಿಲ್ಲ ಎಂದು 37ನೇ ವಿಧಿ ಮೊದಲೇ ಬಾಗಿಲು ಹಾಕಿತ್ತು.

ತುರ್ತು ಪರಿಸ್ಥಿತಿಯ ನಡುವೆ, 1976ರಲ್ಲಿ, 42ನೇ ತಿದ್ದುಪಡಿ ಹತ್ತು ಮೂಲಭೂತ ಕರ್ತವ್ಯಗಳನ್ನು ಸೇರಿಸಿತು. ರಾಷ್ಟ್ರಧ್ವಜ, ಕಾಡು, ನದಿ, ವೈಜ್ಞಾನಿಕ ಮನೋಭಾವ ಎಲ್ಲವೂ ಬಂದವು, ಶಾಲೆ ಬರಲಿಲ್ಲ. ತನ್ನ ಗಡುವು ಮೀರಿ ಹದಿನಾರು ವರ್ಷವಾಗಿದ್ದ ಸರ್ಕಾರ ಜನರ ಕರ್ತವ್ಯ ಎಣಿಸಲು ಕೂತಿದ್ದು ಸ್ವಲ್ಪ ವಿಚಿತ್ರವೇ.

ಮುಚ್ಚಿದ ಬಾಗಿಲು ಸಡಿಲಾದದ್ದು ತುಮಕೂರಿನಿಂದ, ಅದೂ ಪ್ರಾಥಮಿಕ ಶಾಲೆಯಿಂದಲ್ಲ, ಖಾಸಗಿ ಮೆಡಿಕಲ್ ಕಾಲೇಜಿನಿಂದ. 1989ರಲ್ಲಿ ಕರ್ನಾಟಕ ಸರ್ಕಾರ ಶುಲ್ಕ ಗೊತ್ತುಮಾಡಿತ್ತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ರಾಜ್ಯದವರಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರ ಪ್ರದೇಶದ ವಿದ್ಯಾರ್ಥಿನಿ ಮೋಹಿನಿ ಜೈನ್ ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 1992ರ ಮೋಹಿನಿ ಜೈನ್ ತೀರ್ಪು ಒಂದೇ ಏಟಿಗೆ, ಎಲ್ಲ ಹಂತದ ಶಿಕ್ಷಣವೂ ಹಕ್ಕು ಎಂದುಬಿಟ್ಟಿತು. ಅದು ಅತಿಯಾಯಿತೇನೋ. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಮೊಟಕುಗೊಳಿಸಿತು: ಹದಿನಾಲ್ಕರವರೆಗೆ ಮೂಲಭೂತ ಹಕ್ಕು, ಆಮೇಲೆ ಸರ್ಕಾರದ ಶಕ್ತ್ಯಾನುಸಾರ. ಹತ್ತು ವರ್ಷದ ಗಡುವಿಗೆ ಆಗ ನಲವತ್ಮೂರು ತುಂಬಿತ್ತು.

2002ರ 86ನೇ ತಿದ್ದುಪಡಿ ಈ ಹಕ್ಕನ್ನು ಸಂವಿಧಾನದೊಳಗೇ ಬರೆಯಿತು. 21ಎ ವಿಧಿ ಹುಟ್ಟಿತು. ಮಕ್ಕಳಿಗೆ ಕಲಿಯುವ ಅವಕಾಶ ಕೊಡುವುದು ತಂದೆತಾಯಿಯ, ಪೋಷಕರ ಹನ್ನೊಂದನೆಯ ಕರ್ತವ್ಯವಾಯಿತು. ಶಿಕ್ಷಣ ಹಕ್ಕು ಕಾಯ್ದೆಯೊಂದಿಗೆ ಈ ತಿದ್ದುಪಡಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು.

ಆದರೆ ವಯಸ್ಸು ನೋಡಿ. ಕೋರ್ಟು ಹೇಳಿದ್ದು ಹದಿನಾಲ್ಕರವರೆಗಿನ ಎಲ್ಲ ಮಕ್ಕಳಿಗೆ. 21ಎ ಹೇಳುವುದು ಆರರಿಂದ ಹದಿನಾಲ್ಕು. ಅಂಗನವಾಡಿ ವಯಸ್ಸಿನ ಮಕ್ಕಳನ್ನು ಹಳೆಯ 45ನೇ ವಿಧಿಯಲ್ಲೇ ಬಿಟ್ಟು ಅದನ್ನು ತಿದ್ದಿ ಬರೆದರು. ಅವರ ಆರೈಕೆ, ಶಿಕ್ಷಣಕ್ಕೆ ಸರ್ಕಾರ ಈಗಲೂ ‘ಪ್ರಯತ್ನಿಸತಕ್ಕದ್ದು’. ಈ ಸಲ ಗಡುವನ್ನೂ ಬರೆದಿಲ್ಲ.