ಕ್ಲಿಪ್ಪರ್ ಚಿಪ್ ಮತ್ತು 65,536 ಊಹೆಗಳು

ಕಣ್ಗಾವಲು ಕಾನೂನಿನ ಚರ್ಚೆಯಲ್ಲಿ ಒಬ್ಬರು ದೇಶದ ಭದ್ರತೆ ಅನ್ನುತ್ತಾರೆ, ಇನ್ನೊಬ್ಬರು ಖಾಸಗಿತನ ಅನ್ನುತ್ತಾರೆ. ಆದರೆ ಒಂದು ಮಾತನ್ನು ಇಬ್ಬರೂ ಸುಮ್ನೆ ಒಪ್ಪಿಕೊಂಡಿರುತ್ತಾರೆ: ಸರ್ಕಾರಕ್ಕೆ ಮಾತ್ರ ತೆರೆಯುವ ಬೀಗ ಮಾಡಬಹುದು ಅಂತ. ನನ್ನ ತಕರಾರು ಇರುವುದೇ ಅಲ್ಲಿ.

1993ರಲ್ಲಿ ಅಮೆರಿಕದ ಕ್ಲಿಂಟನ್ ಸರ್ಕಾರ ಅಂಥದ್ದೊಂದನ್ನು ತಂದೇಬಿಟ್ಟಿತು. ಹೆಸರು ಕ್ಲಿಪ್ಪರ್ ಚಿಪ್. ಫೋನಿನಲ್ಲಿ ಕೂತು ಮಾತನ್ನು ಎನ್‌ಕ್ರಿಪ್ಟ್ ಮಾಡುವುದು, ಅಂದರೆ ಕೀಲಿ ಇಲ್ಲದವರಿಗೆ ಅರ್ಥವಾಗದಂತೆ ಬದಲಿಸುವುದು, ಅದರ ಕೆಲಸ. ಚಿಪ್‌ನ ಕೀಲಿಯನ್ನು ಎರಡು ಭಾಗ ಮಾಡಿ ಎರಡು ಸರ್ಕಾರಿ ಸಂಸ್ಥೆಗಳಲ್ಲಿ ಇಡಬೇಕು. ಕೋರ್ಟ್ ಆದೇಶ ಬಂದರೆ ಜೋಡಿಸಿ ಕರೆ ಕೇಳಬೇಕು.

ಇದಕ್ಕಾಗಿ ಪ್ರತಿ ಕರೆಯ ಶುರುವಿನಲ್ಲೂ ಚಿಪ್ 128 ಬಿಟ್‌ಗಳ (ಒಂದೊಂದು ಬಿಟ್ ಅಂದರೆ ಒಂದು 0 ಅಥವಾ 1) ಒಂದು ಚೀಟಿ ಕಳಿಸುತ್ತಿತ್ತು. ಅದರಲ್ಲಿ ಚಿಪ್‌ನ ಗುರುತು, ಮುಚ್ಚಿಟ್ಟ ರೂಪದಲ್ಲಿ ಆ ಕರೆಯ ಕೀಲಿ, ಜೊತೆಗೆ 16 ಬಿಟ್‌ಗಳ ತಾಳೆ ಸಂಖ್ಯೆ. ತಾಳೆಯಾಗದಿದ್ದರೆ ಆ ಕಡೆಯ ಚಿಪ್ ಕರೆಯನ್ನೇ ಒಪ್ಪದು. ನಿಮ್ಮ ಆಧಾರ್ ಸಂಖ್ಯೆಯ ಕೊನೆಯ ಅಂಕಿಯದ್ದೂ ಇದೇ ಕೆಲಸ. ಮೊದಲ 11 ಅಂಕಿಗಳಿಂದ ಲೆಕ್ಕ ಹಾಕಿ ಬಂದದ್ದು ಅದು. ಮನಸ್ಸಿಗೆ ಬಂದ 11 ಅಂಕಿ ಬರೆದು, ಕೊನೆಗೆ 0ಯಿಂದ 9ರವರೆಗೆ ಒಂದೊಂದೇ ಹಾಕಿ ನೋಡಿದರೆ ಯಾವುದೋ ಒಂದು ತಾಳೆಯಾಗಲೇಬೇಕು, ಅಲ್ವಾ? 16 ಬಿಟ್ ಅಂದರೆ 10ರ ಬದಲು 65,536 ಊಹೆ. ನಮಗೆ ಅದು ಜಾಸ್ತಿ. ಕಂಪ್ಯೂಟರಿಗೆ ಸುಮಾರು ಮುಕ್ಕಾಲು ಗಂಟೆಯ ಕೆಲಸ.

1994ರಲ್ಲಿ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯ ಮ್ಯಾಟ್ ಬ್ಲೇಜ್ ಇದನ್ನೇ ತೋರಿಸಿದರು. ತಾಳೆಯಾಗುವ ಸುಳ್ಳು ಚೀಟಿ ಹಚ್ಚಿದರೆ ಎನ್‌ಕ್ರಿಪ್ಷನ್ ಗಟ್ಟಿಯಾಗಿಯೇ ಉಳಿಯುತ್ತದೆ. ಪೊಲೀಸರ ಕೀಲಿ ಮಾತ್ರ ಉಪಯೋಗಕ್ಕೆ ಬಾರದು. ಅಂದರೆ ಚಾಲಾಕಿ ಕಳ್ಳ ಪಾರು, ನಿಯಮ ಪಾಲಿಸಿದವನ ಕೀಲಿ ಸರ್ಕಾರದ ಕೈಯಲ್ಲಿ! ಕೆಲವೇ ವರ್ಷಗಳಲ್ಲಿ ಚಿಪ್ ಮೂಲೆ ಸೇರಿತು.

ಹಿಂಬಾಗಿಲು ಇದ್ದರೆ ಬೇರೆಯವರೂ ನುಗ್ಗುತ್ತಾರೆ. ಗ್ರೀಸಿನ ವೊಡಾಫೋನ್ ಜಾಲದಲ್ಲಿ ಪೊಲೀಸರಿಗಾಗಿ ಮಾಡಿದ್ದ ಕದ್ದಾಲಿಕೆ ಸೌಲಭ್ಯವನ್ನು ಯಾರೋ ಗುಟ್ಟಾಗಿ ಚಾಲೂ ಮಾಡಿ, 2004–05ರಲ್ಲಿ ಪ್ರಧಾನಿಯೂ ಸೇರಿ ಸುಮಾರು ನೂರು ಮಂದಿಯ ಕರೆ ಕೇಳಿದರು. 2024ರಲ್ಲಿ ಚೀನಾ ನಂಟಿನ ಹ್ಯಾಕರ್‌ಗಳು ಅಮೆರಿಕದ ಟೆಲಿಕಾಂ ಕಂಪನಿಗಳಿಗೆ ನುಗ್ಗಿ, ಕೋರ್ಟ್ ಆದೇಶದ ಮೇಲೆ ಪೊಲೀಸರು ಕೇಳಿದ್ದ ಮಾಹಿತಿಯನ್ನೂ ನಕಲು ಮಾಡಿಕೊಂಡರು. ಭದ್ರತೆಗೆಂದು ಮಾಡಿದ ವ್ಯವಸ್ಥೆ ಶತ್ರುವಿಗೇ ಒದಗಿತು.

ಭಯೋತ್ಪಾದಕರ ಸಂದೇಶ ಓದಲಾಗದ ಪೊಲೀಸರ ಕಷ್ಟ ಸುಳ್ಳಲ್ಲ. ನಮ್ಮ 2021ರ ಐಟಿ ನಿಯಮಗಳು ಸಂದೇಶವನ್ನು ಮೊದಲು ಕಳಿಸಿದವರು ಯಾರು ಎಂದು ಮೆಸೇಜ್ ಕಂಪನಿಗಳು ಹೇಳಬೇಕು ಅಂದಾಗ ವಾಟ್ಸ್ಆ್ಯಪ್ ದೆಹಲಿ ಹೈಕೋರ್ಟಿಗೆ ಹೋಯಿತು. ಅಲ್ಲೂ ತೊಡಕು ಲೆಕ್ಕದ್ದೇ. ನಾಳೆ ಯಾವ ಸಂದೇಶದ ಮೇಲೆ ಕೇಸು ಬೀಳುತ್ತದೋ ಇವತ್ತು ಗೊತ್ತಿರುವುದಿಲ್ಲ. ಹಾಗಾಗಿ ಎಲ್ಲರ ಎಲ್ಲ ಸಂದೇಶಗಳ ಜಾಡನ್ನೂ ಇಟ್ಟುಕೊಳ್ಳಬೇಕಾಗುತ್ತದೆ, ‘ಗುಡ್ ಮಾರ್ನಿಂಗ್’ ಹೂವಿನ ಚಿತ್ರದ್ದೂ.