ಮ್ಯೂಸಿಯಂನಲ್ಲಿ ನಿಂತ ಹಳೇ ವಿಮಾನ ಮತ್ತೆ ಹಾರುತ್ತಾ?

"ಎಚ್‌ಎಎಲ್ ಮ್ಯೂಸಿಯಂಗೆ ಮಕ್ಕಳನ್ನು ಕರ್ಕೊಂಡು ಹೋಗಿದ್ದೆವು. ಅಲ್ಲಿ ನಿಲ್ಲಿಸಿರೋ ವಿಮಾನಗಳು ಅಸಲಿಯಾ, ಸುಮ್ನೆ ಮಾಡಿಟ್ಟ ಡಬ್ಬಗಳಾ? ಇಂಧನ ಹಾಕಿದ್ರೆ ಹಾರುತ್ತವಾ?"

ಇಂಥ ಮ್ಯೂಸಿಯಂಗಳಲ್ಲಿ ಇರುವುದು ಹೆಚ್ಚಾಗಿ ಅಸಲಿ ವಿಮಾನಗಳೇ. ಆದರೆ ಇಂಧನ ಹಾಕಿದ ಮಾತ್ರಕ್ಕೆ ಹಾರಲ್ಲ. ಪ್ರದರ್ಶನಕ್ಕೆ ಇಡುವ ಮೊದಲು ಸಾಮಾನ್ಯವಾಗಿ ಟ್ಯಾಂಕ್ ಖಾಲಿ ಮಾಡುತ್ತಾರೆ, ಪೈಲಟ್ ಸೀಟನ್ನು ಹೊರಕ್ಕೆ ಚಿಮ್ಮಿಸುವ ಸಿಡಿಮದ್ದು ತೆಗೆಯುತ್ತಾರೆ, ಇನ್ನೂ ಕೆಲಸಕ್ಕೆ ಬರುವ ಬಿಡಿಭಾಗಗಳನ್ನು ಬಿಚ್ಚಿಕೊಳ್ಳುತ್ತಾರೆ. ಮುಂದಿನ ಸಲ ಹೋದಾಗ ಚಕ್ರದ ಹತ್ತಿರ ಬಗ್ಗಿ ನೋಡಿ. ಎಷ್ಟೋ ಕಡೆ ವಿಮಾನದ ಭಾರ ಟೈರಿನ ಮೇಲೆ ಇರುವುದೇ ಇಲ್ಲ, ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟಿರುತ್ತಾರೆ. ವರ್ಷಗಟ್ಟಲೆ ಒಂದೇ ಕಡೆ ನಿಂತರೆ ರಬ್ಬರ್ ಚಪ್ಪಟೆಯಾಗುತ್ತದಲ್ವಾ.

ಹಾಗಂತ ನಿಂತಿದ್ದು ಮತ್ತೆ ಏಳೋದೇ ಇಲ್ಲ ಅಂತ ಅಲ್ಲ. ಇದನ್ನು ಮಾಡಿ ತೋರಿಸಿದ್ದೇ ನಮ್ಮ ಬೆಂಗಳೂರು, ಅದಕ್ಕೇ ನನಗೆ ಈ ಪ್ರಶ್ನೆ ಇಷ್ಟ.

ಎರಡನೇ ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ಅಮೆರಿಕದ ಬಿ-24 ಲಿಬರೇಟರ್ ಬಾಂಬರ್‌ಗಳು ಸಾಲಾಗಿ ಉಳಿದುಬಿಟ್ಟವು. ನಾಲ್ಕು ಎಂಜಿನ್, ರೆಕ್ಕೆಯ ತುದಿಯಿಂದ ತುದಿಗೆ 33 ಮೀಟರ್‌ಗೂ ಜಾಸ್ತಿ. ಅಮೆರಿಕ ಬ್ರಿಟಿಷರಿಗೆ ಇವನ್ನು ಕೊಟ್ಟಿದ್ದು ಯುದ್ಧದ ಕೈಗಡವಾಗಿ, ವಾಪಸ್ ಕೊಡಬೇಕು ಇಲ್ಲವೇ ಹಾಳು ಮಾಡಬೇಕು ಅನ್ನುವ ಷರತ್ತಿನ ಮೇಲೆ. ಬ್ರಿಟಿಷರು ಎರಡನೆಯದನ್ನೇ ಆರಿಸಿಕೊಂಡರು: ಎಂಜಿನ್‌ಗೆ ಮರಳು ಸುರಿದರು, ಮೀಟರ್‌ಗಳನ್ನು ಒಡೆದುಹಾಕಿದರು, ಮೈಗೆ ತೂತು ಹೊಡೆದರು. ಆಗ ಭಾರತದ ಹತ್ತಿರ ದೊಡ್ಡ ಬಾಂಬರ್ ಇರಲಿಲ್ಲ, ಕೊಳ್ಳೋಣ ಅಂದರೆ ದುಡ್ಡೂ ಇರಲಿಲ್ಲ. ಎಚ್‌ಎಎಲ್‌ನವರು ಆ ಗುಜರಿಯಲ್ಲೇ ಒಂದರ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿ, ಹೇಗೋ ಹಾರುವಷ್ಟು ಮಾಡಿಕೊಂಡರು. ಪೈಲಟ್ ಜಮ್‌ಶೆಡ್ ಮುನ್ಶಿ ಅಂಥ ವಿಮಾನಗಳನ್ನು ಸುಮಾರು 1,500 ಕಿಲೋಮೀಟರ್ ದೂರದ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಅವರ ಧೈರ್ಯಕ್ಕೆ ಏನು ಹೇಳೋಣ! ಇಲ್ಲಿ ಪೂರ್ತಿ ರಿಪೇರಿಯಾಗಿ ಹೊರಟವು 40ರ ಆಸುಪಾಸು. 1948ರಲ್ಲಿ ವಾಯುಪಡೆಗೆ ಸೇರಿದವು 1968ರವರೆಗೂ ಹಾರಿದವು.

ಅಷ್ಟರೊಳಗೆ ಅಮೆರಿಕದಲ್ಲಿ ಕಟ್ಟಿದ ಹದಿನೆಂಟು ಸಾವಿರಕ್ಕೂ ಹೆಚ್ಚು ಲಿಬರೇಟರ್‌ಗಳಲ್ಲಿ ಬಹುಪಾಲು ಗುಜರಿ ಸೇರಿದ್ದವು. ಹಾಗಾಗಿ ಅಮೆರಿಕದ ಪೀಮಾ ಮ್ಯೂಸಿಯಂ, ಬ್ರಿಟನ್ ವಾಯುಪಡೆಯ (ಆರ್‌ಎಎಫ್) ಮ್ಯೂಸಿಯಂನವರು ನಮ್ಮಿಂದಲೇ ತೆಗೆದುಕೊಂಡು ಹೋದರು, ಅದೂ ಹಾರಿಸಿಕೊಂಡೇ. ಕೆನಡಾದವರ ಜೊತೆ ನಡೆದಿದ್ದು ಸಾಮಾನು ಬದಲಾವಣೆ: ನಮ್ಮದೊಂದು ಲಿಬರೇಟರ್ ಅಲ್ಲಿಗೆ, ಅವರದೊಂದು ಲೈಸ್ಯಾಂಡರ್ ಅನ್ನೋ ಹಳೇ ಯುದ್ಧಕಾಲದ ವಿಮಾನ ಇಲ್ಲಿಗೆ. ಆ ಲೈಸ್ಯಾಂಡರ್ ದೆಹಲಿಯ ಪಾಲಂ ವಾಯುಪಡೆ ಮ್ಯೂಸಿಯಂನಲ್ಲಿದೆ, ಒಂದು ಲಿಬರೇಟರ್ ಕೂಡ ಅಲ್ಲೇ ಇದೆ.

ಅಂದರೆ ದುಡ್ಡು, ಬಿಡಿಭಾಗ, ತಾಳ್ಮೆ ಮೂರೂ ಇದ್ದರೆ ಕೆಲವು ಹಾರುತ್ತವೆ. ಲೋಹದೊಳಗೆ ಬಿರುಕು, ತುಕ್ಕು ಹಿಡಿದಿದ್ದರೆ ಮಾತ್ರ ಯಾರೂ ಆ ತಂಟೆಗೆ ಹೋಗಲ್ಲ.

ಪಾಲಂನಲ್ಲಿರುವ ಜಪಾನಿನ ಓಹ್ಕಾ ಎದುರು ಯಾರಾದರೂ ಇದೇ ಪ್ರಶ್ನೆ ಕೇಳಿದರೆ ಉತ್ತರವೇ ಬೇರೆ. ಅದು ಪೈಲಟ್ ಒಳಗೆ ಕೂತು ಶತ್ರು ಹಡಗಿಗೆ ಗುದ್ದಿಸಬೇಕಾದ ರಾಕೆಟ್ ಬಾಂಬ್. ದೊಡ್ಡ ವಿಮಾನದ ಹೊಟ್ಟೆಯಡಿ ತೂಗಿಕೊಂಡು ಹೋಗುತ್ತಿತ್ತು. ಇಳಿಯುವ ಮಾತೇ ಇಲ್ಲದ್ದರಿಂದ ಅದಕ್ಕೆ ಚಕ್ರವನ್ನೇ ಇಟ್ಟಿರಲಿಲ್ಲ.