ಹಳೇ ಡೀಸೆಲ್ ಲಾರಿ ಸ್ಟಾರ್ಟ್ ಆಗಲು ಸತಾಯಿಸಿದರೆ: ಪಂಪ್ ಬಿಚ್ಚುವ ಮೊದಲು

ಬೆಳಿಗ್ಗೆ ಸ್ಟಾರ್ಟ್ ಆಗದ ಹಳೇ ಲಾರಿಯ ಬಗ್ಗೆ ಮಾಲೀಕರ ಬಾಯಲ್ಲಿ ಮೊದಲು ಬರುವ ಮಾತು, 'ಪಂಪ್ ಹೋಗಿರಬೇಕು ಸಾರ್.' ಪಂಪ್ ಅಂದರೆ ಡೀಸೆಲನ್ನು ಒತ್ತಡದಲ್ಲಿ ಸಿಲಿಂಡರ್‌ಗಳಿಗೆ ಕಳಿಸುವ ಇಂಜೆಕ್ಷನ್ ಪಂಪ್. ಅದು ಹೋಗುವುದೇ ಇಲ್ಲ ಅಂತಲ್ಲ, ಹೋಗುತ್ತದೆ. ಆದರೆ ಇಡೀ ಎಂಜಿನ್‌ನಲ್ಲಿ ಬಿಚ್ಚಿ ಜೋಡಿಸಲು ಅತಿ ಹೆಚ್ಚು ಖರ್ಚಾಗುವ ಭಾಗಗಳಲ್ಲಿ ಅದೂ ಒಂದು. ಅದರ ಮೇಲೆ ಅನುಮಾನ ಪಡುವ ಸರದಿ ಕೊನೆಗೆ ಬರಬೇಕು. ನನ್ನ ಕೈಗೆ ಬರುವ ಇಂಥ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಪಂಪ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ನಾನು ಇಲ್ಲಿ ಹೇಳುತ್ತಿರುವುದು ಕಂಪ್ಯೂಟರ್ ಇಲ್ಲದ, ಮೆಕಾನಿಕಲ್ ಪಂಪ್ ಇರುವ ಎಂಜಿನ್‌ಗಳ ಬಗ್ಗೆ. ಸ್ಕ್ಯಾನರ್ ಹಾಕಿ ಕೋಡ್ ಓದುವ ಹಾಗಿಲ್ಲ. ಕಣ್ಣು, ಕಿವಿ, ಮೂಗು, ಒಂದು ಮಲ್ಟಿಮೀಟರ್, ಒಂದು ತುಂಡು ಪಾರದರ್ಶಕ ಪೈಪು. ಇಷ್ಟಿದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ ಅಲ್ವಾ. ಗಾಳಿಯನ್ನು 16, 18 ಪಟ್ಟು ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಬಿಸಿಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಅಂದರೆ ಎಂಜಿನ್ ಸಾಕಷ್ಟು ಜೋರಾಗಿ ತಿರುಗಬೇಕು, ಒತ್ತಿದ ಗಾಳಿ ಸೋರಬಾರದು, ಡೀಸೆಲ್ ಸರಿಯಾದ ಹೊತ್ತಿಗೆ ಸಣ್ಣ ಹನಿಯಾಗಿ ಬೀಳಬೇಕು. ಸ್ಟಾರ್ಟಿಂಗ್ ತೊಂದರೆ ಏನೇ ಇರಲಿ, ಇವುಗಳಲ್ಲಿ ಒಂದರ ಕೊರತೆ ಅದು.

ಸ್ಪ್ಯಾನರ್ ಹಿಡಿಯುವ ಮೊದಲು ಡ್ರೈವರ್ ಹತ್ತಿರ ಕೂತು ಮಾತಾಡಿ. ಯಾವಾಗ ಸತಾಯಿಸುತ್ತದೆ? ರಾತ್ರಿ ನಿಲ್ಲಿಸಿ ಬೆಳಿಗ್ಗೆಯಾ, ಓಡಿ ಕಾದ ಮೇಲೆ ಅರ್ಧ ಗಂಟೆ ನಿಲ್ಲಿಸಿದರಾ? ಟ್ಯಾಂಕ್ ತುಂಬಿದಾಗ ಸರಿ ಇದ್ದು, ಅರ್ಧಕ್ಕಿಳಿದಾಗ ಶುರುವಾಗುತ್ತಾ? ಇಳಿಜಾರಿನಲ್ಲಿ ನಿಲ್ಲಿಸಿದಾಗ ಮಾತ್ರವಾ? ಫಿಲ್ಟರ್ ಬದಲಾಯಿಸಿದ ಮೇಲಿಂದ ಹೀಗಾ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ದಿನದ ಕೆಲಸ ಉಳಿಯುತ್ತದೆ. 'ಯಾವಾಗಲೂ ಹಿಂಗೇ' ಅನ್ನುವ ಉತ್ತರ ಮಾತ್ರ ನಂಬಬೇಡಿ. ಇನ್ನೆರಡು ಸಲ ಕೇಳಿ.

ಆಮೇಲೆ ಒಬ್ಬರನ್ನು ಸೈಲೆನ್ಸರ್ ಹತ್ತಿರ ನಿಲ್ಲಿಸಿ ಸೆಲ್ಫ್ ಹೊಡೆಸಿ. ಹೊಗೆಯೇ ಬರುತ್ತಿಲ್ಲ ಅಂದರೆ ಸಿಲಿಂಡರ್‌ಗೆ ಡೀಸೆಲ್ ಹೋಗುತ್ತಿಲ್ಲ. ಆಗ ಕಂಪ್ರೆಷನ್ (ಸಿಲಿಂಡರ್ ಗಾಳಿಯನ್ನು ಒತ್ತುವ ಶಕ್ತಿ), ಹೀಟರ್ ಯಾವುದರ ಬಗ್ಗೆಯೂ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಬಿಳಿ ಹೊಗೆ ಬಂದು ಕಣ್ಣು ಉರಿದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಎಂಜಿನ್ ನಿಧಾನ ತಿರುಗುತ್ತಿರಬಹುದು, ತಣ್ಣಗಿರಬಹುದು, ಕಂಪ್ರೆಷನ್ ಕಮ್ಮಿ ಇರಬಹುದು, ಡೀಸೆಲ್ ಸಿಂಪಡಿಸುವ ಟೈಮಿಂಗ್ ಹಿಂದೆ ಬಿದ್ದಿರಬಹುದು. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಅತಿಯಾಗಿದೆ. ಬಿಳಿ ಹೊಗೆಗೆ ಸಿಹಿ ವಾಸನೆ ಇದ್ದು, ರೇಡಿಯೇಟರ್‌ನಲ್ಲಿ ಕೂಲೆಂಟ್ ಇಳಿಯುತ್ತಿದ್ದರೆ ಅದು ಬೇರೆ ಕಥೆ. ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಅಂಥ ಗಾಡಿಯಲ್ಲಿ ರಾತ್ರಿ ಸಿಲಿಂಡರ್‌ಗೆ ನೀರು ಇಳಿದಿರುವ ಅಪಾಯ ಇದೆ. ಸೆಲ್ಫ್ ಹೊಡೆದಾಗ ಎಂಜಿನ್ ಟಕ್ ಅಂತ ನಿಂತುಬಿಟ್ಟರೆ ಮತ್ತೆ ಬಲವಂತ ಮಾಡಬೇಡಿ, ತಳ್ಳಿ ಸ್ಟಾರ್ಟ್ ಮಾಡಲೂ ಹೋಗಬೇಡಿ. ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಈಗ ತಿರುಗುವ ವೇಗ. ಕ್ರ್ಯಾಂಕ್ ನಿಮಿಷಕ್ಕೆ 150 ಸುತ್ತಿನ ಆಸುಪಾಸಿನಲ್ಲಾದರೂ ತಿರುಗಬೇಕು. ಅದಕ್ಕಿಂತ ತೀರಾ ನಿಧಾನವಾದರೆ ಒತ್ತಿದ ಗಾಳಿಯ ಬಿಸಿಯನ್ನು ಸಿಲಿಂಡರ್ ಗೋಡೆ ಹೀರಿಕೊಳ್ಳುತ್ತದೆ, ರಿಂಗ್ ಸಂದಿನಲ್ಲಿ ಸೋರಲೂ ಸಮಯ ಸಿಗುತ್ತದೆ. 'ಸೆಲ್ಫ್ ತಿರುಗುತ್ತಿದೆಯಲ್ಲ' ಅನ್ನುವುದು ಸಾಲದು. ಎಷ್ಟು ಜೋರಾಗಿ ಅನ್ನುವುದು ಮುಖ್ಯ.

ಲಾರಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಎರಡನ್ನೂ ಬೇರೆ ಬೇರೆ ಅಳೆಯಿರಿ. ರಾತ್ರಿಯಿಡೀ ನಿಂತ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಒಂದೊಂದೂ 9.6ಕ್ಕಿಂತ ಕೆಳಗೆ ಬೀಳಬಾರದು. ಒಂದು ಬ್ಯಾಟರಿ ಮಾತ್ರ ಪದೇ ಪದೇ ಸಾಯುತ್ತಿದ್ದರೆ, ಅದರಿಂದ ಯಾರೋ ಟೇಪ್‌ಗೋ ಫ್ಯಾನ್‌ಗೋ 12 ವೋಲ್ಟ್ ಎಳೆದಿದ್ದಾರಾ ನೋಡಿ. ಹಾಗೆ ಎಳೆದರೆ ಒಂದು ಬ್ಯಾಟರಿ ಸದಾ ಹಸಿದಿರುತ್ತದೆ, ಇನ್ನೊಂದು ಅತಿ ಚಾರ್ಜ್ ಆಗಿ ಕುದಿಯುತ್ತದೆ. ಎರಡೂ ಬೇಗ ಹಾಳಾಗುತ್ತವೆ.

ಬ್ಯಾಟರಿ ಸರಿ ಇದ್ದರೆ ಕೇಬಲ್ ನೋಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಇನ್ನೊಂದು ಸೆಲ್ಫ್ ಮೋಟರಿನ ದಪ್ಪ ಟರ್ಮಿನಲ್ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ಕರೆಂಟ್ ತಿಂದುಹೋಗುತ್ತಿದೆ. ಅರ್ತ್ ಕಡೆಯೂ ಹೀಗೇ ನೋಡಬೇಕು, ಬ್ಯಾಟರಿ ಮೈನಸ್‌ನಿಂದ ಸೆಲ್ಫ್ ಮೋಟರಿನ ಮೈವರೆಗೆ. ಹಳೇ ಗಾಡಿಗಳಲ್ಲಿ ಚಾಸಿಯಿಂದ ಎಂಜಿನ್‌ಗೆ ಹೋಗುವ ಅರ್ತ್ ಪಟ್ಟಿ ತುಕ್ಕು ಹಿಡಿದು ಹೆಸರಿಗಷ್ಟೇ ಇರುತ್ತದೆ. ಅದನ್ನು ಉಜ್ಜಿ ಬಿಗಿ ಮಾಡಿದ್ದಕ್ಕೇ ವಾಸಿಯಾದ ಎಷ್ಟೋ 'ಪಂಪ್ ಹೋದ' ಗಾಡಿಗಳಿವೆ. ಒಂದು ಸಲಕ್ಕೆ 15 ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಒಂದೆರಡು ನಿಮಿಷ ಮೋಟರ್ ಆರಲಿ.

ಎಂಜಿನ್ ಚೆನ್ನಾಗಿ ತಿರುಗುತ್ತಿದೆ, ಹೊಗೆ ಇಲ್ಲ. ಆಗ ಮೊದಲು ನೋಡಬೇಕಾದದ್ದು ಸ್ಟಾಪ್ ಕೇಬಲ್. ಎಂಜಿನ್ ಆಫ್ ಮಾಡುವ ಲಿವರ್ ಪಂಪ್ ಹತ್ತಿರ ಪೂರ್ತಿ ಹಿಂದಕ್ಕೆ ಬಂದಿದೆಯಾ? ಸ್ಪ್ರಿಂಗ್ ಸೋತು ಅರ್ಧದಲ್ಲೇ ನಿಂತಿದ್ದರೆ ಡೀಸೆಲ್ ಬಂದ್ ಆಗಿಯೇ ಇರುತ್ತದೆ. ಸೊಲೆನಾಯ್ಡ್ ಇರುವ ಪಂಪ್ ಆದರೆ ಕೀ ಆನ್ ಮಾಡಿದಾಗ ಟಕ್ ಅನ್ನುವ ಸದ್ದು ಕೇಳಬೇಕು. ಅರ್ಧ ನಿಮಿಷದ ಕೆಲಸ ಇದು. ಆದರೂ ಎಷ್ಟೋ ಜನ ಇದನ್ನು ಬಿಟ್ಟು ನೇರ ನಾಝಲ್ (ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸುವ ಭಾಗ) ಬಿಚ್ಚಲು ಹೋಗುತ್ತಾರೆ.

ಅದಾದ ಮೇಲೆ ಏರ್, ಅಂದರೆ ಡೀಸೆಲ್ ಪೈಪಿನೊಳಗೆ ಸೇರಿದ ಗಾಳಿ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸತಾಯಿಸಿ, ಒಮ್ಮೆ ಸ್ಟಾರ್ಟ್ ಆದ ಮೇಲೆ ದಿನವಿಡೀ ಚೆನ್ನಾಗಿದ್ದರೆ ನಾನು ಮೊದಲು ಹುಡುಕುವುದು ಇದನ್ನೇ. ಟ್ಯಾಂಕ್‌ನಿಂದ ಡೀಸೆಲ್ ಎಳೆದು ದೊಡ್ಡ ಪಂಪ್‌ಗೆ ಕೊಡುವ ಸಣ್ಣ ಪಂಪೇ ಫೀಡ್ ಪಂಪ್. ಟ್ಯಾಂಕ್‌ನಿಂದ ಅದರವರೆಗಿನ ಪೈಪಿನಲ್ಲಿ ಡೀಸೆಲ್ ಎಳೆತದ ಮೇಲೆ ಬರುತ್ತದೆ. ಅಲ್ಲಿ ಸಣ್ಣ ಸಂದಿ ಇದ್ದರೆ ಓಡುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ 'ಎಲ್ಲೂ ಲೀಕ್ ಇಲ್ಲ ಸಾರ್, ಒಣಗಿದೆ' ಅನ್ನುವ ಮಾತಿಗೆ ಈ ಭಾಗದಲ್ಲಿ ಬೆಲೆ ಇಲ್ಲ. ಗಾಡಿ ನಿಂತಾಗ ಆ ಸಂದಿಯಿಂದ ಗಾಳಿ ನುಗ್ಗಿ, ಪೈಪಿನಲ್ಲಿದ್ದ ಡೀಸೆಲ್ ನಿಧಾನವಾಗಿ ಟ್ಯಾಂಕ್‌ಗೆ ಇಳಿಯುತ್ತದೆ. ಬೆಳಿಗ್ಗೆ ಪಂಪ್ ಎಳೆಯುವುದು ಬರೀ ಗಾಳಿ.

ಸೆಲ್ಫ್ ಹೊಡೆಯುವ ಮೊದಲು ಹ್ಯಾಂಡ್ ಪ್ರೈಮರ್ (ಕೈಯಲ್ಲಿ ಒತ್ತಿ ಡೀಸೆಲ್ ಎಳೆಯುವ ಸಣ್ಣ ಪಂಪ್) ಒತ್ತಿ ನೋಡಿ. ಹಲವು ಸಲ ಒತ್ತಿದ ಮೇಲೆ ಗಟ್ಟಿಯಾಗಿ, ಆಮೇಲೆ ಒಂದೇ ಏಟಿಗೆ ಸ್ಟಾರ್ಟ್ ಆದರೆ ಡೀಸೆಲ್ ಹಿಂದಕ್ಕೆ ಇಳಿಯುತ್ತಿದೆ ಅಂತಲೇ ಲೆಕ್ಕ. ಎಲ್ಲಿಂದ ಅಂತ ಹುಡುಕಲು ಫೀಡ್ ಪಂಪ್‌ಗೆ ಬರುವ ಪೈಪಿನ ಜಾಗದಲ್ಲಿ ಒಂದು ತುಂಡು ಪಾರದರ್ಶಕ ಪೈಪು ಹಾಕಿ, ಎಂಜಿನ್ ಓಡಿಸಿ ಗುಳ್ಳೆ ನೋಡಿ. ಇನ್ನೂ ಖಚಿತ ಆಗಬೇಕಾದರೆ ಟ್ಯಾಂಕ್ ಪೈಪ್ ಬಿಡಿಸಿ, ಶುದ್ಧ ಡೀಸೆಲ್ ತುಂಬಿದ ಕ್ಯಾನ್ ಒಂದನ್ನು ಪಂಪ್‌ಗಿಂತ ಎತ್ತರದಲ್ಲಿ, ಬಿಸಿ ಮ್ಯಾನಿಫೋಲ್ಡ್‌ನಿಂದ ದೂರ, ಗಟ್ಟಿಯಾಗಿ ಕಟ್ಟಿ ನೇರ ಫೀಡ್ ಪಂಪ್‌ಗೆ ಕೊಡಿ. ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆದರೆ ಕಳ್ಳ ಟ್ಯಾಂಕ್ ಕಡೆಯ ದಾರಿಯಲ್ಲೇ ಇದ್ದಾನೆ.

ಸಾಮಾನ್ಯವಾಗಿ ಸಿಗುವ ಜಾಗಗಳು ಇವು: ಮತ್ತೆ ಮತ್ತೆ ಬಳಸಿದ ತಾಮ್ರದ ವಾಷರ್, ಬಿರುಕು ಬಿಟ್ಟ ರಬ್ಬರ್ ಹೋಸ್, ನೀರು ಬೇರ್ಪಡಿಸುವ ಬೌಲಿನ ಗ್ಯಾಸ್ಕೆಟ್, ತಿರುಗಿಸಿ ಬಿಗಿ ಮಾಡದ ಪ್ರೈಮರ್ ಹಿಡಿಕೆ, ಕಸ ಸಿಕ್ಕಿಕೊಂಡ ಫೀಡ್ ಪಂಪ್ ವಾಲ್ವ್. ಟ್ಯಾಂಕ್ ಅರ್ಧಕ್ಕಿಳಿದಾಗ ಮಾತ್ರ ತೊಂದರೆ ಅಂದರೆ ಟ್ಯಾಂಕ್ ಒಳಗಿನ ಎಳೆಯುವ ಪೈಪ್ ಮಧ್ಯದಲ್ಲಿ ಬಿರುಕು ಬಿಟ್ಟಿರಬಹುದು. ಡೀಸೆಲ್ ಆ ಬಿರುಕಿಗಿಂತ ಮೇಲಿದ್ದಷ್ಟು ಹೊತ್ತು ಗಾಳಿ ಹೋಗುವುದಿಲ್ಲ. ಹೊರಗಿನ ಪೈಪನ್ನೆಲ್ಲ ಬದಲಾಯಿಸಿದರೂ ಹೋಗದ ತೊಂದರೆ ಇದು.

ಏರ್ ತೆಗೆಯುವಾಗ ಮೊದಲು ಫಿಲ್ಟರ್ ಮೇಲಿನ ಸ್ಕ್ರೂ, ಆಮೇಲೆ ಪಂಪ್ ಮೇಲಿನದು, ಕೊನೆಗೆ ನಾಝಲ್ ಪೈಪಿನ ನಟ್ ಸಡಿಲ ಮಾಡಿ. ಗುಳ್ಳೆ ನಿಂತು ಡೀಸೆಲ್ ಒಂದೇ ಸಮ ಬರುವವರೆಗೆ ಪ್ರೈಮರ್ ಒತ್ತಿ, ಆಮೇಲೆ ಒತ್ತುತ್ತಲೇ ಸ್ಕ್ರೂ ಬಿಗಿ ಮಾಡಿ. ಎಂಜಿನ್ ತಿರುಗುವಾಗ ನಾಝಲ್ ಪೈಪಿನ ಬಾಯಿಗೆ ಬೆರಳು ಇಡಲೇಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗಾಯ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ವಿಷಯ ಅದು.

ಹೊಗೆ ಕಪ್ಪಗಿದ್ದರೆ ಏರ್ ಫಿಲ್ಟರ್ ಬಿಚ್ಚಿ ನೋಡಿ. ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ಮುಚ್ಚಿ ಗಾಡಿಯ ವೇಗ ತಗ್ಗಿಸುವ ಬ್ರೇಕ್) ಇರುವ ಗಾಡಿಯಲ್ಲಿ ಅದರ ಚಿಟ್ಟೆ ವಾಲ್ವ್ ಮಸಿ ಹಿಡಿದು ಮುಚ್ಚಿಕೊಂಡೇ ನಿಂತಿರಬಹುದು. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರುವುದಾದರೂ ಹೇಗೆ?

ಬಿಳಿ ಹೊಗೆ, ಚಳಿಯಲ್ಲಿ ಮಾತ್ರ ತೊಂದರೆ ಅಂದರೆ ಹೀಟರ್ ಕೆಲಸ ಮಾಡುತ್ತಿದೆಯಾ ನೋಡಿ. ಕೆಲವು ಎಂಜಿನ್‌ಗಳಲ್ಲಿ ಸಿಲಿಂಡರ್ ಒಳಗೆ ಕಾಯುವ ಗ್ಲೋ ಪ್ಲಗ್, ಕೆಲವದರಲ್ಲಿ ಗಾಳಿ ಒಳಗೆ ಬರುವ ದಾರಿಯಲ್ಲೇ ಹೀಟರ್, ಇನ್ನು ಕೆಲವದರಲ್ಲಿ ಏನೂ ಇರುವುದಿಲ್ಲ. ಇಲ್ಲದ್ದನ್ನು ಹುಡುಕಿ ಸಮಯ ಕಳೆಯಬೇಡಿ. ಈ ಹಂತದಲ್ಲಿ ಈಥರ್ ಸ್ಪ್ರೇ ಹೊಡೆಯುವವರಿದ್ದಾರೆ. ನನಗೆ ಅದು ಸುತರಾಂ ಇಷ್ಟವಿಲ್ಲ. ಈಥರ್ ಡೀಸೆಲ್‌ಗಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಮೇಲೆ ಬರುವ ಮೊದಲೇ ಸಿಡಿದು ರಿಂಗ್ ಮುರಿಯಬಹುದು. ಹೀಟರ್ ಆನ್ ಇದ್ದರಂತೂ ಮ್ಯಾನಿಫೋಲ್ಡ್‌ನಲ್ಲೇ ಬೆಂಕಿ. 'ಎಂಜಿನ್‌ಗೆ ಸ್ಪ್ರೇ ಚಟ ಹಿಡಿದಿದೆ' ಅನ್ನುತ್ತಾರಲ್ಲ, ಚಟ ಗಿಟ ಏನೂ ಇಲ್ಲ. ಕಂಪ್ರೆಷನ್ ದಿನದಿನಕ್ಕೆ ಇಳಿಯುತ್ತಿದೆ, ಅಷ್ಟೇ.

ನಾಝಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟೆಸ್ಟರ್ ಮೇಲೆ ಹಾಕಿ ಒತ್ತಡ ನೋಡಿಸಿ. ಹಳೇ ಎಂಜಿನ್‌ಗಳಲ್ಲಿ ಅದು 200 ಬಾರ್ ಆಸುಪಾಸು ಇರುತ್ತದೆ, ಸರಿಯಾದ ಅಂಕಿ ಆ ಎಂಜಿನ್‌ನ ಮ್ಯಾನ್ಯುಯಲ್‌ನಲ್ಲಿದೆ. ಮಂಜಿನ ಹಾಗೆ ಸಿಂಪಡಿಸಬೇಕು, ತೊಟ್ಟಿಕ್ಕಬಾರದು.

ಪಂಪ್ ಮೇಲೆ ನಿಜವಾಗಿ ಅನುಮಾನ ಬರಬೇಕಾದದ್ದು ಬೆಳಿಗ್ಗೆ ಸತಾಯಿಸುವುದಕ್ಕೆ ತದ್ವಿರುದ್ಧವಾದ ಲಕ್ಷಣ ಕಂಡಾಗ. ಬೆಳಿಗ್ಗೆ ತಣ್ಣಗಿದ್ದಾಗ ಸಲೀಸು, ಓಡಿ ಕಾದ ಮೇಲೆ ನಿಲ್ಲಿಸಿದರೆ ಸ್ಟಾರ್ಟ್ ಆಗುವುದಿಲ್ಲ. ಒಂದೇ ತಲೆಯಿಂದ ಎಲ್ಲ ಸಿಲಿಂಡರ್‌ಗೂ ಡೀಸೆಲ್ ಹಂಚುವ ರೋಟರಿ ಪಂಪ್‌ಗಳಲ್ಲಿ ಇದು ಹೆಚ್ಚು. ಒಳಗಿನ ರೋಟರ್ ಸವೆದಿರುತ್ತದೆ. ಕಾದ ಡೀಸೆಲ್ ತೆಳ್ಳಗಾಗಿ ಆ ಸಂದಿಯಲ್ಲೇ ಜಾರಿಹೋಗುತ್ತದೆ. ಸೆಲ್ಫ್ ವೇಗದಲ್ಲಿ ನಾಝಲ್ ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ. ಸೆಲ್ಫ್ ಬಿಸಿಯಲ್ಲೂ ಜೋರಾಗಿಯೇ ತಿರುಗುತ್ತಿದೆ ಅನ್ನುವುದನ್ನು ಮೊದಲು ಖಚಿತ ಮಾಡಿಕೊಂಡು, ಪಂಪ್ ಮೈಮೇಲೆ ಒದ್ದೆ ಬಟ್ಟೆ ಹೊದಿಸಿ ಹತ್ತು ನಿಮಿಷ ಬಿಡಿ. ಆಮೇಲೆ ಸ್ಟಾರ್ಟ್ ಆದರೆ ಪಂಪ್ ಬಿಚ್ಚಲು ಕಾರಣ ಸಿಕ್ಕಿದ ಹಾಗೆ. ಬಕೆಟ್ ನೀರು ಸುರಿಯುವ ಅಭ್ಯಾಸ ಬೇಡ. ಹೊರಮೈ ತಟ್ಟನೆ ಕುಗ್ಗಿ ರೋಟರ್ ಕಚ್ಚಿಕೊಂಡರೆ ಇದ್ದ ಪಂಪೂ ಹೋಗುತ್ತದೆ.

ಉಳಿದದ್ದು ಕಂಪ್ರೆಷನ್. ಸೆಲ್ಫ್ ಹೊಡೆಯುವಾಗಿನ ಸದ್ದು ಕೇಳಿ. ಎಲ್ಲ ಸಿಲಿಂಡರ್ ಸಮ ಇದ್ದರೆ ಸದ್ದು ಒಂದೇ ಲಯದಲ್ಲಿರುತ್ತದೆ. ನಡುವೆ ಒಂದು ಕಡೆ ಸಡಿಲ ಬಿಟ್ಟ ಹಾಗೆ ಕೇಳಿದರೆ ಒಂದು ಸಿಲಿಂಡರ್ ಸೋತಿದೆ. ಕಂಪ್ರೆಷನ್ ಗೇಜ್ ಹಾಕುವ ಮೊದಲು ಟ್ಯಾಪೆಟ್ ಸಂದು (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ನೋಡಿ. ಸಂದು ತೀರಾ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ. ಇದನ್ನು ನೋಡದೆ ಮುಂದೆ ಹೋದರೆ, ಸಂದು ಅಳೆಯುವ ಫೀಲರ್ ಗೇಜ್‌ನಲ್ಲಿ ಮುಗಿಯುವ ಕೆಲಸಕ್ಕೆ ಹೆಡ್ ಬಿಚ್ಚಿದ ಹಾಗಾಗುತ್ತದೆ. ಪೆಟ್ರೋಲ್ ಎಂಜಿನ್‌ನ ಗೇಜ್ ಇಲ್ಲಿ ನಡೆಯುವುದಿಲ್ಲ, ಇಲ್ಲಿ ಒತ್ತಡ 25 ಬಾರ್ ದಾಟುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಡೀಸೆಲ್ ಬಂದ್ ಮಾಡಿ, ಸಾಧ್ಯವಾದರೆ ಎಂಜಿನ್ ಬಿಸಿ ಇರುವಾಗಲೇ ಅಳೆಯಿರಿ. ಮ್ಯಾನ್ಯುಯಲ್‌ನ ಅಂಕಿ ಒಂದು ಕಡೆ, ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಇನ್ನೊಂದು ಕಡೆ. ಶೇಕಡಾ 10, 15ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆ ಸಿಲಿಂಡರ್ ಬಿಚ್ಚಬೇಕಾಗುತ್ತದೆ. ಎಲ್ಲವೂ ಸಮನಾಗಿ ಕಮ್ಮಿ ಇದ್ದು, ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದರೆ ಹೊಗೆ ಒತ್ತಿಕೊಂಡು ಬರುತ್ತಿದ್ದರೆ ರಿಂಗ್, ಲೈನರ್ ಸವೆದಿವೆ. ಅಂಥ ಎಂಜಿನ್‌ಗೆ ಹೊಸ ಪಂಪ್, ಹೊಸ ಬ್ಯಾಟರಿ ಹಾಕಿದರೆ ಸ್ವಲ್ಪ ದಿನ ಸ್ಟಾರ್ಟ್ ಆಗಬಹುದು. ಆ ದುಡ್ಡನ್ನು ಓವರ್‌ಹಾಲ್‌ಗೇ ಇಟ್ಟುಕೊಳ್ಳಿ ಅಂತ ನಾನು ಮಾಲೀಕರಿಗೆ ಹೇಳುತ್ತೇನೆ.